ಒಂದು ಪದದ ತವರುಮನೆ

ಮನೆಯೆಲ್ಲ ಮಲಗಿದ ಮೇಲೆ, ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿದ್ದ ಫೋನು ‘ಟಿಣ್’ ಎಂದಿತು. ಸ್ಟೀಲ್ ಲೋಟಕ್ಕೆ ಉಗುರು ತಾಗಿದರೆ ಬರುವಷ್ಟು ಸಣ್ಣ ಸದ್ದು. ಮಗಳ ಮದುವೆ ಗೊತ್ತಾಗಿರುವ ತಂದೆಗೆ ಅಷ್ಟು ಸಾಕು. ಲೇಬಲಪ್ಪನವರು ಧಡಕ್ಕನೆ ಎದ್ದು, ಕತ್ತಲಲ್ಲಿ ಕುರ್ಚಿಗೆ ಮೊಣಕಾಲು ಗುದ್ದಿಕೊಂಡು, ಕುರ್ಚಿಯ ಕ್ಷಮೆ ಕೇಳಿ, ಫೋನು ಕೈಗೆತ್ತಿಕೊಂಡರು.

ಭಾವಿ ಅಳಿಯನ ಸಂದೇಶ. ಸಂಜೆ ಅವರು ಕಳಿಸಿದ್ದ ಲಗ್ನಪತ್ರಿಕೆಯ ಕರಡಿಗೆ ಉತ್ತರ.

ಬೇರೆ ಯಾರಾದರೂ ಅದನ್ನು ಮೊದಲಿನಿಂದ ಓದುತ್ತಿದ್ದರು. ಲೇಬಲಪ್ಪನವರು ಹಾಗೆ ಓದುವವರಲ್ಲ. ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಗೆಲ್ಲ ಅವರು ಲೇಬಲಪ್ಪ. ಔಷಧಿ ಕಂಪನಿಯಲ್ಲಿ ಸೀಸೆಗೆ ಅಂಟಿಸುವ ಲೇಬಲ್ಲುಗಳು, ಡಬ್ಬಿಯೊಳಗೆ ಮಡಚಿಡುವ ಸಣ್ಣಕ್ಷರದ ಕಾಗದಗಳು, ಎಲ್ಲವೂ ಅಚ್ಚಿಗೆ ಹೋಗುವ ಮುಂಚೆ ಅವರ ಮೇಜನ್ನು ದಾಟಬೇಕು. ‘ಊಟಕ್ಕೆ ಮೊದಲು’ ಎಂದಿರಬೇಕಾದ ಕಡೆ ‘ಊಟಕ್ಕೆ ಬದಲು’ ಎಂದಾಗಿಬಿಟ್ಟರೆ ಕಂಪನಿಗೆ ಬೀಗ, ರೋಗಿಗೆ ಉಪವಾಸ. ಆದ್ದರಿಂದ ಅವರು ಎಲ್ಲವನ್ನೂ ಕೊನೆಯ ಪದದಿಂದ ಮೊದಲ ಪದಕ್ಕೆ ಓದುತ್ತಿದ್ದರು. ನೆಟ್ಟಗೆ ಓದಿದರೆ ಕಣ್ಣು ಅರ್ಥದ ಹಿಂದೆ ಓಡಿಹೋಗುತ್ತದೆ, ತಪ್ಪಿನ ಮುಂದೆ ನಿಲ್ಲುವುದಿಲ್ಲ ಎಂಬುದು ಅವರ ಸಿದ್ಧಾಂತ. ಮೂಲ ಗೊತ್ತಿಲ್ಲದ ಪದ ಮೇಜು ದಾಟಬಾರದು ಎಂಬುದು ಇನ್ನೊಂದು. ‘ಬಹುಶಃ’ ಎಂಬ ಪದ ಕಂಡರಂತೂ ಅವರ ಕೆಂಪು ಪೆನ್ಸಿಲ್ ತಾನಾಗಿಯೇ ಏಳುತ್ತಿತ್ತು. “ಬಹುಶಃ ಗುಣವಾಗುತ್ತದೆ ಅಂದ್ರೆ ಏನ್ರೀ ಅರ್ಥ? ಆಗುತ್ತೋ ಇಲ್ವೋ ಹೇಳಿ, ಇಲ್ಲಾಂದ್ರೆ ಬಾಯ್ಮುಚ್ಚಿ” ಎಂದು ಡಾಕ್ಟರುಗಳಿಗೇ ಗದರಿದ ಮನುಷ್ಯ ಅವರು.

ಹೀಗಾಗಿ ಆ ರಾತ್ರಿ ಅವರು ಓದಿದ ಮೊದಲ ಪದ ‘ಪಾಲ್’. ಆಮೇಲೆ ‘ಥ್ಯಾಂಕ್ಸ್’. ಆಮೇಲೆ ‘ಸೂಪರ್’. ಕೊನೆಗೆ ‘ಕಾರ್ಡ್’.

ಕಾರ್ಡ್ ಸೂಪರ್. ಥ್ಯಾಂಕ್ಸ್, ಪಾಲ್!

“ಏನಂತ್ರೀ?” ಒಳಗಿನಿಂದ ಹೆಂಡತಿ ಕೇಳಿದರು.

“ನನ್ನನ್ನ ಪಾಲ್ ಅಂದಿದ್ದಾನೆ.”

“ಯಾರು ಅದು ಪಾಲ್?”

“ನಾನು.”

ಹೆಂಡತಿ ದೀಪ ಹಾಕಿದರು. ಪಕ್ಕದ ಕೋಣೆಯಿಂದ ಮಗಳು ಕಣ್ಣುಜ್ಜುತ್ತಾ ಬಂದಳು. “ಅಪ್ಪಾ, ಪಾಲ್ ಅಂದ್ರೆ ಫ್ರೆಂಡ್ ಅಂತ. ಸಲಿಗೆಯ ಮಾತು. ಮಲ್ಕೊಳ್ಳಿ.”

“ಫ್ರೆಂಡ್ ಅನ್ನೋದು ಅದರ ಇವತ್ತಿನ ವಿಳಾಸ, ಮಗಳೇ,” ಎಂದರು ಲೇಬಲಪ್ಪನವರು ಗಂಭೀರವಾಗಿ. “ನನಗೆ ಬೇಕಾದ್ದು ಅದರ ಹುಟ್ಟೂರು.”

“ಫೋನಲ್ಲೇ ನೋಡ್ಬಹುದಲ್ಲ?”

“ಫೋನಲ್ಲಿ ಇರೋದನ್ನ ಯಾರು ತಿದ್ದಿದ್ದಾರೆ?”

ಹೆಂಡತಿ ದೀಪ ಆರಿಸಿದರು.

ಮಾರನೆಯ ದಿನ ರಜೆ. ಸಾರ್ವಜನಿಕ ಗ್ರಂಥಾಲಯದ ಬಾಗಿಲು ತೆಗೆಯುವ ಹೊತ್ತಿಗೆ ಲೇಬಲಪ್ಪನವರು ಮೆಟ್ಟಿಲ ಮೇಲಿದ್ದರು. ಪರಾಮರ್ಶನ ಕೋಣೆಯಲ್ಲಿ ಇಂಗ್ಲಿಷ್ ಪದಗಳ ವಂಶವನ್ನೆಲ್ಲ ಬರೆದಿಟ್ಟ ದಪ್ಪ ಪುಸ್ತಕವೊಂದಿತ್ತು. ಅದನ್ನು ಯಾರೂ ಮನೆಗೆ ಒಯ್ಯುವಂತಿರಲಿಲ್ಲ. ಅದರ ತೂಕ ನೋಡಿದರೆ ಆ ನಿಯಮವೇ ಬೇಕಿರಲಿಲ್ಲ. ಗ್ರಂಥಪಾಲಕಿ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, “ಶಬ್ದ ಮಾಡ್ಬೇಡಿ” ಎಂದರು. ಒಬ್ಬರೇ ಬಂದವರಿಗೂ ಅವರು ಹಾಗೆ ಹೇಳುತ್ತಿದ್ದರು.

ಲೇಬಲಪ್ಪನವರು ಪದ ಹುಡುಕಿ, ಅಭ್ಯಾಸದಂತೆ ಟಿಪ್ಪಣಿಯ ಬಾಲಕ್ಕೆ ಬೆರಳಿಟ್ಟು ಮೇಲಕ್ಕೆ ಹತ್ತತೊಡಗಿದರು. ಕಟ್ಟಕಡೆಯಲ್ಲಿ ಸಂಸ್ಕೃತ! ‘ಭ್ರಾತೃ’. ಅಲ್ಲಿಂದ ಒಂದು ಸಾಲು ಮೇಲೆ, ಆ ಮಾತನ್ನು ಮೂಟೆ ಕಟ್ಟಿಕೊಂಡು ಪಶ್ಚಿಮಕ್ಕೆ ನಡೆದ ಅಲೆಮಾರಿ ಜನರ ರೋಮಾನಿ ಭಾಷೆ. ಅವರ ಬಾಯಲ್ಲಿ ಅದು ‘ಫ್ರಾಲ್’ ಆಗಿ, ಸವೆದು ಸವೆದು ‘ಪಾಲ್’. ಅರ್ಥ: ಸಹೋದರ. ಅಲ್ಲಿಂದ ಇಂಗ್ಲಿಷಿನವರ ಬೀದಿಮಾತಿಗೆ. ಅಲ್ಲಿಂದ ಭಾವಿ ಅಳಿಯನ ಫೋನಿಗೆ. ಅಲ್ಲಿಂದ ಲೇಬಲಪ್ಪನವರ ಅಡುಗೆಮನೆ ಕಟ್ಟೆಗೆ.

“ಅಯ್ಯಯ್ಯೋ!” ಎಂದರು ಲೇಬಲಪ್ಪನವರು.

“ಶ್!” ಎಂದರು ಗ್ರಂಥಪಾಲಕಿ.

ಅದು ಸಂತೋಷದ ಕೂಗು. ಇಂಗ್ಲಿಷಿನ ಪುಂಡ ಪದವೊಂದು ಹಳೇ ಮನೆತನದ್ದು ಎಂದು ಕಂಡುಹಿಡಿದವರ ಕೂಗು. ಅಷ್ಟಕ್ಕೇ ಸಂತೋಷಪಟ್ಟು ಮನೆಗೆ ಬಂದು ಊಟ ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೊಸ ಜ್ಞಾನ ಹೊಸ ಚಪ್ಪಲಿಯ ಹಾಗೆ. ನಾಲ್ಕು ಜನ ನೋಡುವಲ್ಲಿ ಮೆಟ್ಟಿ ನಡೆಯದೆ ಕಾಲು ಸುಮ್ಮನಿರುವುದಿಲ್ಲ. ಕೆಳಗಿನ ಮನೆಯ ಯಜಮಾನರು ಗೇಟಿನ ಬಳಿ ಗಿಡಕ್ಕೆ ನೀರು ಹಾಕುತ್ತಿದ್ದರು. ಅವರು ನಿವೃತ್ತ ರಿಜಿಸ್ಟ್ರಾರರು. ಒಂದು ಇಡೀ ಊರಿನ ಮದುವೆಗಳನ್ನು ನೋಂದಾಯಿಸಿ, ನಗು ಎಂಬುದನ್ನು ಸರ್ಕಾರಕ್ಕೆ ಹಿಂದಿರುಗಿಸಿ ಬಂದವರು.

“ಸ್ವಾಮಿ, ನಿಮಗೊಂದು ವಿಷಯ ಗೊತ್ತಾ?” ಎಂದು ಲೇಬಲಪ್ಪನವರು ಎಲ್ಲವನ್ನೂ ಹೇಳಿದರು. ಫ್ರಾಲ್, ಅಲೆಮಾರಿಗಳು, ಭ್ರಾತೃ. ಹೇಳಿ ಎದೆಯುಬ್ಬಿಸಿ ನಿಂತರು.

ರಿಜಿಸ್ಟ್ರಾರರ ಪೈಪಿನ ನೀರು ಗಿಡ ಬಿಟ್ಟು ಅವರ ಕಾಲಿನ ಮೇಲೆಯೇ ಬೀಳತೊಡಗಿತು.

“ಏನಂದ್ರಿ? ಹುಡುಗ ನಿಮ್ಮನ್ನ ಸಹೋದರ ಅಂದಿದ್ದಾನಾ?”

“ಮೂಲದಲ್ಲಿ.”

“ಬರವಣಿಗೇಲಿ?”

“ಫೋನಲ್ಲಿ.”

“ಅದೂ ಬರವಣಿಗೇನೇ. ಅಲ್ರೀ, ನಿಮ್ಮ ಸಹೋದರ ಅಂದ್ರೆ ನಿಮ್ಮ ಮಗಳಿಗೆ ಏನಾಗ್ಬೇಕು?”

ಲೇಬಲಪ್ಪನವರು ಲೆಕ್ಕ ಹಾಕತೊಡಗಿದರು.

“ಚಿಕ್ಕಪ್ಪ!” ಎಂದರು ರಿಜಿಸ್ಟ್ರಾರರು, ಶಿಕ್ಷೆ ಓದುವ ದನಿಯಲ್ಲಿ. “ನಿಷಿದ್ಧ ಸಂಬಂಧ. ನನ್ನ ಮೇಜಿಗೆ ಬಂದಿದ್ರೆ ಇಬ್ಬರನ್ನೂ ಹೊರಗೆ ಕಳಿಸ್ತಿದ್ದೆ.”

“ಆದ್ರೆ ಅವನು ನಿಜವಾಗಿ…”

“ಮೂಲ ನೋಡದೆ ಏನನ್ನೂ ಬಿಡೋದಿಲ್ಲ ಅಂತ ಬೀದಿಗೆಲ್ಲ ಪಾಠ ಹೇಳಿದ್ದು ಯಾರು? ನನ್ನ ಹೆಂಡ್ತಿ ಕೈಯಿಂದ ಸಿರಪ್ ಬಾಟಲಿ ಕಿತ್ಕೊಂಡು ಹಿಂದುಮುಂದಾಗಿ ಓದಿದ್ದು ಯಾರು?”

ಲೇಬಲಪ್ಪನವರು ಎರಡು ಮಹಡಿ ಹತ್ತುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಮನೆ ಮುಟ್ಟಿತ್ತು. ರಿಜಿಸ್ಟ್ರಾರರ ಹೆಂಡತಿ ಕಿಟಕಿಯಿಂದ ಕಿಟಕಿಗೆ ಮಾತು ದಾಟಿಸುವುದರಲ್ಲಿ ನುರಿತವರು. ಬಾಗಿಲು ತೆರೆದ ಹೆಂಡತಿಯ ಮುಖ ಸುಣ್ಣದಂತಾಗಿತ್ತು. “ರೀ, ಚಿಕ್ಕಪ್ಪನಿಗೆ ಕೊಡ್ತಾರಾ ಯಾರಾದ್ರೂ ಮಗಳನ್ನ? ಅಕ್ಕನಿಗೆ ಫೋನ್ ಮಾಡಿದೀನಿ. ಹೊರಟಿದಾರೆ.”

ಪೊಲೀಸರಿಗೆ ಫೋನ್ ಮಾಡಿದ್ದರೂ ಲೇಬಲಪ್ಪನವರು ಅಷ್ಟು ಹೆದರುತ್ತಿರಲಿಲ್ಲ.

ಅಕ್ಕ ಎಂದರೆ ಲೇಬಲಪ್ಪನವರ ಸ್ವಂತ ಅಕ್ಕ. ಇಡೀ ಬಳಗದ ಸಂಬಂಧಗಳ ಲೆಕ್ಕ ಬೆರಳ ತುದಿಯಲ್ಲಿಟ್ಟುಕೊಂಡ ಹೆಂಗಸು. ಯಾರು ಯಾರಿಗೆ ಏನಾಗಬೇಕು, ಯಾರು ಯಾರ ಮುಂದೆ ಕಾಲು ಚಾಚಬಾರದು ಎಂಬುದಕ್ಕೆಲ್ಲ ಅವರೇ ಕೊನೆಯ ಕೋರ್ಟು. ಕನ್ಯೆಯಾಗಿದ್ದಾಗ ಒಳ್ಳೆಯ ವರನೊಬ್ಬನನ್ನು ಅವರು ತಿರಸ್ಕರಿಸಿದ್ದರು, ಕಾರಣ, ಗುರುತಿಲ್ಲದ ದಿನಗಳಲ್ಲಿ ಅವನು ಬೀದಿಯಲ್ಲಿ “ಅಕ್ಕಾ, ಟೈಮೆಷ್ಟು?” ಎಂದು ಕೇಳಿದ್ದ. “ಬಾಯಲ್ಲಿ ಬಂದ ಸಂಬಂಧಾನೂ ಸಂಬಂಧಾನೇ” ಎಂದು ಅವರು ಆಗ ಹೇಳಿದ್ದು ಇಂದಿಗೂ ಬಳಗದಲ್ಲಿ ಜಾರಿಯಲ್ಲಿತ್ತು.

ಅಕ್ಕ ಬಂದವರೇ ಚಪ್ಪಲಿ ಬಿಡುತ್ತಾ ಕೇಳಿದರು: “ಲೋ, ಮೂಲದಲ್ಲಿ ಏನಿದೆ, ಸರಿಯಾಗಿ ಹೇಳು.”

“ಭ್ರಾತೃ.”

ಅಕ್ಕ ಗೋಡೆ ಹಿಡಿದು ಕೂತರು. “ಸಂಸ್ಕೃತದಲ್ಲೇ ಇದೆಯಲ್ಲೋ! ಇಂಗ್ಲಿಷಲ್ಲಿ ಏನಾದ್ರೂ ಅಂದಿದ್ರೆ ಕೇಳಿಸ್ಲಿಲ್ಲ ಅಂತ ಬಿಟ್ಬಿಡಬಹುದಿತ್ತು. ಹುಡುಗನ ಕಡೆಯವರನ್ನ ಕರೆಸು.”

“ಅತ್ತೇ,” ಎಂದಳು ಮಗಳು, “ಅವನು ಎಲ್ಲರಿಗೂ ಹಂಗೇ ಅಂತಾನೆ. ಇದಕ್ಕೆಲ್ಲ ಮದುವೆ ನಿಲ್ಲಿಸ್ತೀರಾ?” ಅವಳ ದನಿ ಮೊದಲು ನಗುತ್ತಿತ್ತು, ವಾಕ್ಯದ ಕೊನೆಗೆ ಬರುವಷ್ಟರಲ್ಲಿ ನಗು ಉಳಿದಿರಲಿಲ್ಲ. ಅತ್ತೆಯ ಮುಖದಲ್ಲಿ ತಮಾಷೆ ಇರಲಿಲ್ಲ. ತಾಯಿ ಆಗಲೇ ಲಗ್ನಪತ್ರಿಕೆಯ ಕರಡನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿದ್ದರು.

ಲೇಬಲಪ್ಪನವರು ಮಗಳ ಕಣ್ಣು ತಪ್ಪಿಸಿ ಚಾವಣಿ ನೋಡಿದರು. ಒಂದು ಪದವನ್ನು ಸ್ವಲ್ಪ ಹಿಂದಕ್ಕೆ ಎಳೆದು ನೋಡೋಣ ಎಂದಿದ್ದರು, ಅಷ್ಟೇ. ಅದರ ಹಿಂದೆ ಇಡೀ ಮನೆಯೇ ಉರುಳಿಕೊಂಡು ಬರುತ್ತದೆ ಎಂದು ಅವರಿಗೇನು ಗೊತ್ತು?

ಸಂಜೆಯ ಹೊತ್ತಿಗೆ ನಡುಮನೆ ತುಂಬಿತು. ರಿಜಿಸ್ಟ್ರಾರರು ಕರೆಯದಿದ್ದರೂ ಬಂದು ಒಳ್ಳೆಯ ಕುರ್ಚಿ ಹಿಡಿದರು. ಹುಡುಗನ ತಾಯಿ ಬ್ಯೂಟಿ ಪಾರ್ಲರ್ ನಡೆಸುವವರು; ಅವರು ಒಳಗೆ ಬಂದ ಕೂಡಲೇ ಕೋಣೆಗೆ ಹೊಸ ಬಣ್ಣ ಬಳಿದಂತಾಯಿತು. ಹುಡುಗನ ತಂದೆ ಡ್ರೈವಿಂಗ್ ಶಾಲೆಯ ಮಾಸ್ತರರು. ದಿನವಿಡೀ “ಬ್ರೇಕ್! ಬ್ರೇಕ್!” ಎಂದು ಕೂಗಿ ಕೂಗಿ, ಕೆಲಸವಿಲ್ಲದಾಗ ಅವರು ಮಾತನ್ನೇ ಆಡುತ್ತಿರಲಿಲ್ಲ, ಬಿಸ್ಕತ್ತಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಹುಡುಗ ಲಿಫ್ಟ್ ರಿಪೇರಿಯವನು. ಯಾವುದೋ ಕಟ್ಟಡದ ಲಿಫ್ಟನ್ನು ಎರಡು ಮಹಡಿಯ ನಡುವೆ ಬಿಟ್ಟು ಓಡಿಬಂದಿದ್ದ, ಕೈಯಲ್ಲಿ ಇನ್ನೂ ಗ್ರೀಸ್ ಇತ್ತು.

ಅಕ್ಕ ವಿಷಯ ಮಂಡಿಸಿದರು.

ಹುಡುಗನ ತಂದೆ ಕಟಕ್ಕೆಂದು ಒಂದು ಬಿಸ್ಕತ್ತು ಮುರಿದರು. ಆಮೇಲೆ ಹುಡುಗನ ತಾಯಿ ನಿಧಾನವಾಗಿ ಎದ್ದು ನಿಂತರು.

“ಒಂದ್ನಿಮಿಷ. ನನ್ನ ಮಗ ಇವರಿಗೆ ತಮ್ಮ?”

“ಮೂಲದಲ್ಲಿ,” ಎಂದರು ಅಕ್ಕ.

“ಅಂದ್ರೆ ನಾನು ಇವರಿಗೆ ತಾಯೀನಾ?” ಅವರು ಲೇಬಲಪ್ಪನವರ ನರೆತ ತಲೆಯತ್ತ ಬೆರಳು ಚಾಚಿದರು. “ನೋಡಿ ಅವರನ್ನ! ಆ ಹೊಟ್ಟೆ ನೋಡಿ, ಆ ಕೂದಲು ನೋಡಿ! ಇಷ್ಟು ದೊಡ್ಡ ಮಗ ಇದ್ದಾನೆ ಅಂದ್ರೆ ನನ್ನ ಪಾರ್ಲರಿಗೆ ಯಾರು ಬರ್ತಾರ್ರೀ?”

“ಛೆ, ನಾನು ಹಾಗೆ…” ಎಂದರು ಲೇಬಲಪ್ಪನವರು.

“ಮಾತಾಡ್ಬೇಡಿ! ಅಮ್ಮಾ ಅಂತ ಏನಾದ್ರೂ ಬಾಯಿಗೆ ಬಂದ್ರೆ ನೋಡಿ!”

ಆಗ ಡ್ರೈವಿಂಗ್ ಮಾಸ್ತರರು ಆ ಸಂಜೆಯ ತಮ್ಮ ಏಕೈಕ ಮಾತನ್ನಾಡಿದರು. ಲೇಬಲಪ್ಪನವರತ್ತ ತಿರುಗಿ, ಬಾಯಲ್ಲಿ ಬಿಸ್ಕತ್ತಿದ್ದಂತೆಯೇ, “ಮಗೂ, ಒಂದ್ಲೋಟ ನೀರು ತಾರಪ್ಪ” ಎಂದರು.

ಇನ್ನೂ ಆಶ್ಚರ್ಯವೆಂದರೆ, ಲೇಬಲಪ್ಪನವರು ಎದ್ದು ಹೋಗಿ ತಂದುಕೊಟ್ಟರು.

“ಯಾಕಪ್ಪಾ ಹಂಗಂದೆ?” ಅಕ್ಕ ಹುಡುಗನನ್ನು ಹಿಡಿದರು.

ಹುಡುಗ ಬೆವರುತ್ತಿದ್ದ. “ಏನಂತ ಕರೀಬೇಕೋ ಗೊತ್ತಾಗ್ಲಿಲ್ಲ. ಅಂಕಲ್ ಅಂದ್ರೆ ಪಕ್ಕದ್ಮನೆಯವರ ಥರ ಇರುತ್ತೆ. ಸರ್ ಅಂದ್ರೆ ಆಫೀಸ್ ಥರ. ಮಾವ ಅನ್ನೋಣ ಅಂದ್ರೆ, ಮದುವೆಗೆ ಮೊದ್ಲೇ ಇವನಿಗೇನು ಅವಸರ ಅಂತೀರಿ. ಅದಕ್ಕೇ… ನಾನು ಎಲ್ಲರಿಗೂ ಪಾಲ್ ಅಂತೀನಿ. ವಾಚ್‌ಮನ್‌ಗೂ ಅಂತೀನಿ.”

“ಎಲ್ಲರಿಗೂ ತಮ್ಮ ಆದವನು ಯಾರ ಮಗಳನ್ನ ಮದುವೆ ಆಗ್ತೀಯಾ? ಊರಿಗೆಲ್ಲ ಚಿಕ್ಕಪ್ಪ ನೀನು!”

ರಿಜಿಸ್ಟ್ರಾರರು ತಲೆದೂಗಿದರು. ಹುಡುಗನ ತಾಯಿ ಕೈಚೀಲ ಹೆಗಲಿಗೇರಿಸಿದರು. ಲೇಬಲಪ್ಪನವರ ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡರು. ಮದುವೆ ಬಾಗಿಲಿನತ್ತ ಒಂದೊಂದೇ ಹೆಜ್ಜೆ ಇಡುತ್ತಿತ್ತು. ಹುಡುಗ ಒಮ್ಮೆ ಮಗಳ ಮುಖ ನೋಡಿದ, ಒಮ್ಮೆ ತಾಯಿಯ ಕೈಚೀಲ ನೋಡಿದ, ಆಮೇಲೆ ಮುಳುಗುವವನು ಕಂಬ ಹಿಡಿದಂತೆ ಲೇಬಲಪ್ಪನವರ ಎರಡೂ ಕೈ ಹಿಡಿದುಕೊಂಡು, ಗ್ರೀಸು ಮೆತ್ತಿ, ಕೂಗಿದ:

“ನೀವಾದ್ರೂ ಹೇಳಿ ಬಾಸ್! ಬಾಸ್, ಪ್ಲೀಸ್!”

ಎಲ್ಲರೂ ನಿಂತಲ್ಲೇ ನಿಂತರು. ಬಿಸ್ಕತ್ತಿನ ಸದ್ದೂ ನಿಂತಿತು.

“ಇದ್ಯಾವುದು ಹೊಸದು?” ಎಂದರು ಅಕ್ಕ.

“ಬಾಸ್ ಅಂದ್ರೆ ಯಜಮಾನ ಅಂತ,” ಎಂದಳು ಮಗಳು ತಟ್ಟನೆ.

“ಅದು ಇವತ್ತಿನ ವಿಳಾಸ,” ಎಂದರು ರಿಜಿಸ್ಟ್ರಾರರು. ತಮ್ಮದೇ ಮಾತು ಕಿಟಕಿ ದಾಟಿ ಕೆಳಮನೆಗೂ ತಲುಪಿದೆ ಎಂದು ಲೇಬಲಪ್ಪನವರಿಗೆ ಆಗ ಗೊತ್ತಾಯಿತು.

“ಮೊದಲ ಮಾತು ಕೆಟ್ಟಿದ್ದರೂ, ಆಮೇಲೆ ಬಂದ ಮಾತು ಸರಿಯಿದ್ರೆ ಅದನ್ನೇ ಹಿಡೀಬಹುದು,” ಎಂದು ಅಕ್ಕ ತುಂಬ ಹೊತ್ತು ಯೋಚಿಸಿ ಹೇಳಿದರು. “ಹೋಗು. ಇದರ ಮೂಲಾನೂ ನೋಡ್ಕೊಂಡು ಬಾ. ನಾವು ಕಾಯ್ತೀವಿ.”

ಮೆಟ್ಟಿಲಿನವರೆಗೆ ಮಗಳು ಹಿಂದೆಯೇ ಬಂದಳು. ಅಪ್ಪನ ಅಂಗಿಯ ಗುಂಡಿ ತಪ್ಪು ಕಾಜಕ್ಕೆ ಸೇರಿತ್ತು. ಅದನ್ನು ಬಿಚ್ಚಿ ಸರಿಯಾಗಿ ಹಾಕಿದಳು. “ಅಪ್ಪಾ, ಈ ಸಲ ನೋಡ್ಕೊಂಡು ನೋಡಿ,” ಎಂದಳು.

ಗ್ರಂಥಾಲಯ ಮುಚ್ಚುವ ಹೊತ್ತು. ಗ್ರಂಥಪಾಲಕಿ ಕಿಟಕಿಗಳ ಚಿಲಕ ಹಾಕುತ್ತಿದ್ದರು. “ಬೆಳಿಗ್ಗೆ ಕಿರುಚಿದವರು ನೀವೇ ತಾನೆ?”

“ಈ ಸಲ ಕಿರುಚೋದಿಲ್ಲ. ಒಂದೇ ಪದ.”

“ಒಳ್ಳೆ ಪದಾನಾ?”

“ಗೊತ್ತಿಲ್ಲಮ್ಮ,” ಎಂದರು ಲೇಬಲಪ್ಪನವರು. ಅವರ ದನಿ ಕೇಳಿ ಆಕೆ ಆರಿಸಿದ್ದ ಒಂದು ದೀಪವನ್ನು ಮತ್ತೆ ಹಾಕಿದರು.

ಪುಟ ಸಿಕ್ಕಿತು. ಬೆರಳು ಅಭ್ಯಾಸದಂತೆ ಟಿಪ್ಪಣಿಯ ಬಾಲಕ್ಕೆ ಹೋಯಿತು. ಅಲ್ಲಿದ್ದ ಮೊದಲ ಮಾತು: ‘ಒಪ್ಪುವುದಿಲ್ಲ’ ಎಂಬರ್ಥದ್ದು. ಯಾರು ಒಪ್ಪುವುದಿಲ್ಲ? ಏನನ್ನು? ಒಂದು ಸಾಲು ಮೇಲೆ: ಹಳೆಯ ಜರ್ಮನ್ನಿನ ‘ಬಾಸಾ’, ಅಂದರೆ ತಂದೆಯ ಸಹೋದರಿ. ಇನ್ನೊಂದು ಸಾಲು ಮೇಲೆ: ಮೊದಲಿನ ಅರ್ಥ ‘ಅಂಕಲ್’ ಎಂದಿದ್ದರೆ. ಅದಕ್ಕೂ ಮೇಲೆ: ಡಚ್ಚರಿಂದ ಬಂದದ್ದು, ಅದಕ್ಕಿಂತ ಹಿಂದಿನ ಮೂಲ ಅಸ್ಪಷ್ಟ.

ಜೀವಮಾನದಲ್ಲಿ ಮೊದಲ ಸಲ ಅವರು ಒಂದು ಬರಹವನ್ನು ಮೇಲಿನಿಂದ ಕೆಳಕ್ಕೆ, ಎಲ್ಲರಂತೆ, ನೆಟ್ಟಗೆ ಓದಿದರು. ಡಚ್ಚರ ‘ಬಾಸ್’, ಯಜಮಾನ. ಮೂಲ ಅಸ್ಪಷ್ಟ. ಅದು ಮೊದಲು ‘ಅಂಕಲ್’ ಎಂಬ ಅರ್ಥದ್ದಾಗಿದ್ದರೆ ಬಹುಶಃ ಜರ್ಮನ್ನಿನ ಸೋದರತ್ತೆಗೆ ನಂಟಿರಬಹುದು. ಹಲವರು ಇದನ್ನು ಒಪ್ಪುವುದಿಲ್ಲ.

ಬಹುಶಃ! ಜೇಬಿನಲ್ಲಿದ್ದ ಕೆಂಪು ಪೆನ್ಸಿಲ್ ಎದೆಗೆ ಚುಚ್ಚಿತು. ಅವರ ಮೇಜಿನ ಮೇಲೆ ಇಂಥ ಕಾಗದ ಬಂದಿದ್ದರೆ ಅದನ್ನು ಸುತ್ತುಹಾಕಿ, ಅಡ್ಡಗೀಟು ಎಳೆದು, ಬರೆದವನನ್ನು ಕರೆಸಿ ನಿಲ್ಲಿಸುತ್ತಿದ್ದರು. ಅವರು ಸುತ್ತ ನೋಡಿದರು. ಆಮೇಲೆ ತಮ್ಮ ಹೆಬ್ಬೆರಳನ್ನು ನಿಧಾನವಾಗಿ ಆ ಕೊನೆಯ ಸಾಲಿನ ಮೇಲೆ ಇಟ್ಟರು. ದಪ್ಪ ಹೆಬ್ಬೆರಳು. ಸಾಲು ಪೂರ್ತಿ ಮುಚ್ಚಿತು. ‘ಬಹುಶಃ’ಕ್ಕೆ ತೋರುಬೆರಳು ಸಾಕಾಯಿತು.

ಉಳಿದದ್ದನ್ನು ಅವರು ಓದಿ, ಪುಸ್ತಕ ಮುಚ್ಚಿ, ಮನೆಗೆ ಓಡಿದರು.

“ಏನಿದೆ?” ಎಂದು ನಡುಮನೆ ಒಂದೇ ಉಸಿರಿನಲ್ಲಿ ಕೇಳಿತು.

“ಅಂಕಲ್ ಅಂತಿದೆ,” ಎಂದರು ಲೇಬಲಪ್ಪನವರು ಏದುಸಿರು ಬಿಡುತ್ತಾ.

ಅಕ್ಕ ಕೈಯೆತ್ತಿದರು. “ಸುಮ್ನಿರಿ! ಯಾವ ಅಂಕಲ್? ಚಿಕ್ಕಪ್ಪನೂ ಅಂಕಲ್ಲೇ, ಮಾವನೂ ಅಂಕಲ್ಲೇ. ಇವನಿಗೆ ನೀನು ಚಿಕ್ಕಪ್ಪ ಆದ್ರೆ ಇವಳು ತಂಗಿ ಆಗ್ತಾಳೆ. ಆಗ ಮೊದಲಿಗಿಂತ ಕಷ್ಟ.”

ಹುಡುಗ “ಅಯ್ಯೋ” ಎಂದು ಸೋಫಾದ ಮೇಲೆ ಕುಸಿದ.

“ಪಕ್ಕದ ಭಾಷೇಲಿ ಅದರ ಜೊತೆ ಪದ ಇದೆಯಂತೆ,” ಎಂದರು ಲೇಬಲಪ್ಪನವರು. “ಅರ್ಥ, ತಂದೆಯ ಸಹೋದರಿ.”

ಅಕ್ಕ ಹೆಬ್ಬೆರಳಿನಿಂದ ಬೆರಳ ಗೆರೆಗಳನ್ನು ಎಣಿಸತೊಡಗಿದರು. ರಿಜಿಸ್ಟ್ರಾರರು ಮುಂದಕ್ಕೆ ಬಾಗಿದರು. “ತಂದೆಯ ಸಹೋದರಿ ಅಂದ್ರೆ ಸೋದರತ್ತೆ. ಅಲ್ವಾ?” ಎಂದರು ಅಕ್ಕ. “ಸೋದರತ್ತೆ ಇರೋ ಮನೇಲಿ ಅಂಕಲ್ ಅಂದ್ರೆ ಯಾರು? ಅವಳ ಗಂಡ. ಸೋದರತ್ತೆ ಗಂಡ ಏನಾಗ್ಬೇಕು?”

“ಮಾವ!” ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಕೆಳಗಿನ ಮನೆಯ ಕಿಟಕಿಯಿಂದಲೂ ಒಂದು “ಮಾವ!” ಬಂತು.

“ನೋಡಿದ್ರಾ?” ಅಕ್ಕ ಕಣ್ಣೊರೆಸಿಕೊಂಡರು. “ಹುಡುಗ ಬಾಯ್ತುಂಬ ಮಾವ ಅಂತಲೇ ಕರೆದಿದ್ದಾನೆ. ನಮಗೇ ತಿಳೀಲಿಲ್ಲ. ಎಷ್ಟು ಸಂಸ್ಕಾರ!”

“ಹಾಗಾದ್ರೆ ನಾನು ತಾಯಿ ಅಲ್ಲ ತಾನೆ?” ಎಂದು ಹುಡುಗನ ತಾಯಿ ಖಚಿತಪಡಿಸಿಕೊಂಡರು.

“ಅಲ್ಲಮ್ಮ, ನೀವು ಬೀಗಿತ್ತಿ.”

“ಸದ್ಯ!” ಎಂದು ಅವರು ಕೈಚೀಲದಿಂದ ಕನ್ನಡಿ ತೆಗೆದು ಮುಖ ನೋಡಿಕೊಂಡರು. ಬೀರುವಿನ ಬೀಗ ತೆರೆಯಿತು. ಮಗಳು ಹುಡುಗನಿಗೆ ಕೈ ಒರೆಸಿಕೊಳ್ಳಲು ಹಳೇ ಬಟ್ಟೆ ತಂದುಕೊಟ್ಟಳು. ಡ್ರೈವಿಂಗ್ ಮಾಸ್ತರರು ಖಾಲಿ ಲೋಟವನ್ನು ಲೇಬಲಪ್ಪನವರತ್ತ ಚಾಚಲು ಹೋಗಿ, ಸಂಬಂಧ ಬದಲಾದದ್ದು ನೆನಪಾಗಿ, ತಾವೇ ಎದ್ದರು.

ಹೊರಡುವಾಗ ರಿಜಿಸ್ಟ್ರಾರರು ಬಾಗಿಲಲ್ಲಿ ನಿಂತರು. ಇಂಥವರಿಂದಲೇ ಸರ್ಕಾರ ನಡೆಯುವುದು. “ಅಲ್ಲ, ಪುಸ್ತಕದಲ್ಲಿ ಹಾಗೇ ಇದೆ ತಾನೆ? ಖಂಡಿತ?”

ಲೇಬಲಪ್ಪನವರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು. “ಅಂಕಲ್ ಅನ್ನೋ ಪದ ಪುಸ್ತಕದಲ್ಲಿ ಇದೆ,” ಎಂದರು.

“ನೀವು ಹೇಳಿದ್ಮೇಲೆ ಮುಗೀತು ಬಿಡಿ. ಸಂಶಯ ಇರೋದನ್ನ ನೀವು ದಾಟಿಸೋ ಪೈಕಿ ಅಲ್ಲ.”

ಆ ಮಾತು ಲೇಬಲಪ್ಪನವರಿಗೆ ನಿನ್ನೆ ರಾತ್ರಿಯ ಕುರ್ಚಿಗಿಂತ ಜೋರಾಗಿ ಬಡಿಯಿತು.

ಎಲ್ಲರೂ ಹೋದ ಮೇಲೆ ಅವರು ಕರಡನ್ನು ಮುಂದಿಟ್ಟುಕೊಂಡು ಅಚ್ಚಿನ ಮನೆಗೆ ಕಳಿಸಲು ಸಹಿ ಹಾಕಿದರು. ವಧುವಿನ ಹೆಸರಿನ ಪಕ್ಕದಲ್ಲಿ ವರನ ಹೆಸರು. ಎಲ್ಲಿಯೂ ತಪ್ಪಿರಲಿಲ್ಲ. ಹಾಸಿಗೆ ಕೊಡವುತ್ತಾ ಹೆಂಡತಿ ಕೇಳಿದರು: “ರೀ, ಆ ಪುಸ್ತಕದಲ್ಲಿ ಅಷ್ಟೇನಾ ಇದ್ದದ್ದು?”

“ಅಷ್ಟೇ.”

“ಹೆಬ್ಬೆರಳು ಯಾಕೆ ಹಂಗೆ ನೋಡ್ಕೋತಿದೀರಿ?”

“ಗ್ರೀಸು,” ಎಂದು ಅವರು ಕೈ ತೊಳೆಯಲು ಎದ್ದರು.

ನಲ್ಲಿಯ ಕೆಳಗೆ ನಿಂತು ಅವರು ಒಂದು ನಿರ್ಧಾರಕ್ಕೆ ಬಂದರು. ಆ ಕೊನೆಯ ಸಾಲಿನ ವಿಷಯ ಯಾರಿಗೂ ಹೇಳುವುದಿಲ್ಲ. ಹೆಂಡತಿಗಿಲ್ಲ, ಮಗಳಿಗಿಲ್ಲ, ಅಕ್ಕನಿಗಂತೂ ಈ ಜನ್ಮದಲ್ಲಿ ಇಲ್ಲ. ಕೈ ಒರೆಸಿಕೊಂಡು, ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು, ಅದಕ್ಕೂ ಗೊತ್ತಾಗದಿರಲಿ ಎಂಬಂತೆ ಮೇಜಿನ ಮೇಲೆ ಗೋಡೆಯ ಕಡೆ ಮೊನೆ ತಿರುಗಿಸಿ ಮಲಗಿಸಿದರು.